ನಾದಿನಿಯ ಕಡೆಯ ಕಥೆ

"ಚಿಕ್ಕಜ್ಜಿ, ನಿನ್ನನ್ನ ಒಳ್ಳೆಯವಳನ್ನಾಗಿ ಮಾಡೋಣ ಅಂತಿದ್ದೀನಿ," ಎಂದಳು ಮೊಮ್ಮಗಳು, ಮೊಬೈಲಿನಲ್ಲಿ ರೆಕಾರ್ಡರ್ ಒತ್ತಿ ಮೇಜಿನ ಮೇಲಿಡುತ್ತ.

"ಈ ವಯಸ್ಸಲ್ಲಾ?" ಎಂದಳು ನಾದಿನಿ.

ಊರಿಗೆಲ್ಲ ಆಕೆ ನಾದಿನಿಯೇ. ಅಣ್ಣ ಬರೆದಿಟ್ಟು ಹೋದ ಕಾದಂಬರಿ ಅಂಥದ್ದು. ಅದರಲ್ಲಿ ಮನೆಗೆ ಬಂದ ಹೊಸ ಸೊಸೆ ಪಿಟೀಲು ನುಡಿಸುತ್ತಾಳೆ. ಗಂಡನ ತಂಗಿ ಹೊಟ್ಟೆಕಿಚ್ಚಿಗೆ ಆ ಪಿಟೀಲನ್ನು ಬಾವಿಗೆ ಎಸೆಯುತ್ತಾಳೆ. ಸೊಸೆ ಮತ್ತೆಂದೂ ನುಡಿಸುವುದಿಲ್ಲ. ಕಾಲೇಜುಗಳಲ್ಲಿ ಅದನ್ನು ಪಠ್ಯವಾಗಿ ಓದಿದವರೆಲ್ಲ ಅತ್ತಿದ್ದರು. ವಿಮರ್ಶಕರೊಬ್ಬರು 'ನಾದ ನುಂಗಿದ ನಾದಿನಿ' ಎಂದು ಬರೆದ ಮೇಲಂತೂ ಹಾಲಿನವನು ಹೆದರಿ ಆಕೆಯ ಪಾತ್ರೆಗೆ ಸುರಿಯುವ ಹಾಲಿಗೆ ನೀರು ಬೆರೆಸುವುದನ್ನೇ ಬಿಟ್ಟ. ಅದಕ್ಕೆ ಮುಂಚೆ ಆಕೆಗೆ ಗಟ್ಟಿಯಾಗಿ ಮಾತಾಡಲೂ ಬರುತ್ತಿರಲಿಲ್ಲ. ಬೈಯುವುದನ್ನು ಕಲಿತದ್ದೇ ಅಣ್ಣನ ಕಾದಂಬರಿ ಓದಿ.

"ತಾತ ಕಥೇನ ಅಜ್ಜಿ ಕಡೆಯಿಂದ ಬರೆದ್ರು. ಅದನ್ನೇ ನಾನು ನಿನ್ನ ಕಡೆಯಿಂದ ಬರೀತೀನಿ. ಈಗ ಎಲ್ಲಾ ಕಡೆ ಇದೇ ನಡೀತಿರೋದು. ಹಳೇ ಕಾದಂಬರಿಗಳ ಕೆಟ್ಟವರಿಗೆಲ್ಲ ಒಬ್ಬೊಬ್ಬ ವಕೀಲರು ಸಿಕ್ಕಿದ್ದಾರೆ."

"ನಂಗ್ಯಾಕೆ ವಕೀಲರು? ಶಿಕ್ಷೆ ಅನುಭವಿಸಿ ಮುಗೀತಲ್ಲ."

ಮೊಮ್ಮಗಳು ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು, ಕಾದಂಬರಿಯ ನಾದಿನಿಯಂತೆ ಮೂಗಿನಿಂದ ದನಿ ತೆಗೆದಳು. "'ಈ ಮನೇಲಿ ಕಿರುಗುಟ್ಟೋಕೆ ಬಾಗಿಲೊಂದೇ ಸಾಕು.' ಇದನ್ನ ನೀನು ನಿಜವಾಗ್ಲೂ ಅಂದಿದ್ಯಾ?"

"ಆಗ ಅಂದಿರಲಿಲ್ಲ. ಪುಸ್ತಕ ಬಂದ ಮೇಲೆ ಅಂದೆ. ನೀನಿಟ್ಟಿರೋದು ಎಡಗೈ. ಅಲ್ಲಿ ಬಲಗೈ ಬರಬೇಕು."

ಎದುರಿನ ಸೋಫಾದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ ಅತ್ತಿಗೆ, ಅಂದರೆ ಕಾದಂಬರಿಯ ಆ ಸೊಸೆ, ತಲೆಯೆತ್ತದೆ ಹೇಳಿದಳು: "ಹಳೇದನ್ನೆಲ್ಲ ಯಾಕೆ ಕೆದಕ್ತೀಯೇ, ಪಾಪ."

"ನೋಡು, ಈಗಲೂ ನಿನಗೇ ಪಾಪ ಅಂತಾಳೆ ಅಜ್ಜಿ. ನಿಜ ಹೇಳು ಚಿಕ್ಕಜ್ಜಿ, ಯಾಕೆ ಎಸೆದೆ? ಏನೋ ಕಾರಣ ಇರಲೇಬೇಕು. ನೀನು ಕೆಟ್ಟವಳಲ್ಲ ಅಂತ ನಂಗನ್ಸುತ್ತೆ."

ಹಾಗೆ ಹೇಳಿದವರು ಆವರೆಗೆ ಯಾರೂ ಇರಲಿಲ್ಲ. ನಾದಿನಿ ಮೇಜಿನ ಮೇಲಿದ್ದ ಮೊಬೈಲಿನತ್ತ ಬಾಗಿದಳು. ಅಂದು ಹಿತ್ತಲಿಗೆ ಬಂದು ಪಿಟೀಲನ್ನು ಕೈಗಿತ್ತವಳು ಅತ್ತಿಗೆಯೇ. "ಅಪ್ಪನ ಕಾಟಕ್ಕೆ ಕಲಿತದ್ದು ಕಣೇ. ಅದರ ದನಿ ಕೇಳಿದ್ರೇ ಹೊಟ್ಟೆ ತೊಳೆಸುತ್ತೆ. ಬಂದವರ ಮುಂದೆಲ್ಲ ನುಡಿಸು ಅಂತಾರೆ ನಿಮ್ಮಣ್ಣ. ಎಲ್ಲಾದ್ರೂ ತೊಲಗಿಸು, ನಾನು ಬಾಯಿಬಿಡಲ್ಲ." ಎಸೆದದ್ದನ್ನು ಅಣ್ಣ ಕಿಟಕಿಯಿಂದ ನೋಡಿದ. ಅತ್ತಿಗೆ ಕೊಟ್ಟ ಮಾತಿನಂತೆ ಬಾಯಿಬಿಡಲಿಲ್ಲ. ಆ ಮೌನದ ಮೇಲೇ ಅಣ್ಣ ಅಷ್ಟು ದಪ್ಪ ಪುಸ್ತಕ ಕಟ್ಟಿದ.

ಸಾಯುವ ಮುಂಚೆ ಒಂದು ಸಲ ಒಳ್ಳೆಯವಳೆನಿಸಿಕೊಂಡರೆ ಯಾರ ಗಂಟು ಹೋಗುತ್ತದೆ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಮಡಚಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

"ತಡಿ, ಅದಕ್ಕೆ ಮುಂಚೆ ಒಂದು ಕೆಲಸ ಇದೆ," ಎಂದು ಮೊಮ್ಮಗಳು ಹೊರಗೆ ಹೋಗಿ ಉದ್ದನೆಯ ಕಪ್ಪು ಪೆಟ್ಟಿಗೆ ತಂದಳು. ಒಳಗಿನ ಹೊಸ ಪಿಟೀಲನ್ನು ತೆಗೆದು ಅತ್ತಿಗೆಯ ಪಕ್ಕದಲ್ಲೇ ಸೋಫಾದ ಮೇಲೆ ಮಲಗಿಸಿದಳು. "ಅಜ್ಜಿ, ನನ್ನ ಪುಸ್ತಕ ಬಿಡುಗಡೆ ದಿನ ಚಿಕ್ಕಜ್ಜಿ ಇದನ್ನ ಎಲ್ಲರೆದುರಿಗೆ ನಿನ್ನ ಕೈಗೆ ಕೊಡ್ತಾಳೆ. ನೀನು ವೇದಿಕೆ ಮೇಲೆ ನುಡಿಸ್ತೀಯ."

"ಬೆರಳೆಲ್ಲ ಸೆಟೆದುಹೋಗಿದೆ ಕಣೇ," ಎಂದಳು ಅತ್ತಿಗೆ.

"ಅದಕ್ಕೇ ಇವತ್ತಿಂದಲೇ ಅಭ್ಯಾಸ. ದಿನಾ ಸಂಜೆ ನಾನೇ ಬಂದು ಕೂತು ಕೇಳ್ತೀನಿ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಆಕೆ ನಾದಿನಿಯತ್ತ ನೋಡಿದಳು, ಬಾಯಿಬಿಡಲಿಲ್ಲ.

ನಾದಿನಿ ಕುರ್ಚಿಯ ಕೈ ಹಿಡಿದು ಎದ್ದಳು. ಎಸೆಯುವ ಶಕ್ತಿ ತೋಳಿನಲ್ಲಿ ಉಳಿದಿರಲಿಲ್ಲ, ಬಾವಿಯನ್ನೂ ಮುಚ್ಚಿಸಿಯಾಗಿತ್ತು. ಉಳಿದದ್ದು ಮೈತೂಕ ಮಾತ್ರ. ಸಾವಕಾಶವಾಗಿ ಸೋಫಾದವರೆಗೆ ನಡೆದು, ತಿರುಗಿ, ಪಿಟೀಲಿನ ಮೇಲೆ ಕೂತುಬಿಟ್ಟಳು. ಮರ ಲಟಲಟ ಎಂದಿತು. ತಂತಿಯೊಂದು ಟಿಣ್ಣನೆ ಕಿತ್ತುಬಂತು.

"ಚಿಕ್ಕಜ್ಜಿ," ಎಂದಳು ಮೊಮ್ಮಗಳು.

"ಕಾರಣ ಕೇಳಿದ್ಯಲ್ಲ, ಬರ್ಕೋ. ಹೊಟ್ಟೆಕಿಚ್ಚು. ಇನ್ನೂ ಆರಿಲ್ಲ."

ಮೊಮ್ಮಗಳು ರೆಕಾರ್ಡರ್ ಆರಿಸಿದಳು. "ತಾತ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ," ಎಂದು ಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. ಅತ್ತಿಗೆ ಟವೆಲಿನಲ್ಲಿ ಮುಖ ಹುದುಗಿಸಿದ್ದಳು, ಭುಜಗಳು ಕುಲುಕುತ್ತಿದ್ದವು. "ಅಳಬೇಡ ಅಜ್ಜಿ, ಅಳಬೇಡ," ಎಂದು ಮೊಮ್ಮಗಳು ಬೆನ್ನು ಸವರುತ್ತಲೇ ಇದ್ದಳು. ನಗುವಾಗಲೂ ಅತ್ತಿಗೆಯ ಭುಜ ಹಾಗೇ ಕುಲುಕುತ್ತದೆ ಎನ್ನುವುದು ಪಿಟೀಲಿನ ಮೇಲೆ ಕೂತವಳಿಗೆ ಮಾತ್ರ ಗೊತ್ತಿತ್ತು.