ಓಡಿಸಿದ ಭಾಗ

ಸೋಫಾದ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಅಮ್ಮ, ನಡುವೆ ರಿಮೋಟು ಹಿಡಿದ ಮಗಳು ಗುಬ್ಬಿ. ಟಿವಿಯಲ್ಲಿ ಆನಿಮೆ, ಅದೇ ಜಪಾನಿ ಕಾರ್ಟೂನು, ಶುರುವಾಗಿತ್ತು. ಅಪ್ಪನ ತೊಡೆಯ ಮೇಲೊಂದು ದಿಂಬು. ಮಗು ನೋಡಬಾರದ್ದೇನಾದರೂ ಬಂದರೆ ಎದ್ದು ಪರದೆಗೆ ಅಡ್ಡ ಹಿಡಿಯಲು.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಅಪ್ಪ ಭಾನುವಾರ ಚರ್ಚಿನ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದ. ಆ ಮಕ್ಕಳೆಲ್ಲ ಈಗ ಈ ಆನಿಮೆಯ ಹುಚ್ಚು ಹಿಡಿಸಿಕೊಂಡಿದ್ದರು. ತೋರಿಸಬಹುದೋ ಬಾರದೋ ನೀವೇ ನೋಡಿ ಹೇಳಿ ಮಾಸ್ಟ್ರೇ ಎಂದು ಹೆತ್ತವರು ದುಂಬಾಲು ಬಿದ್ದಿದ್ದರು. ಅವನ ತೀರ್ಮಾನ ಕೇಳಲು ಪಾಸ್ಟರ್ ಸಂಜೆ ಫೋನ್ ಮಾಡುವವರಿದ್ದರು. ಆದರೆ ಅಪ್ಪನ ಅಳುಕು ಊರ ಮಕ್ಕಳ ಬಗ್ಗೆ ಅಲ್ಲ, ಮಗಳ ಬಗ್ಗೆ. ಚರ್ಚಿನ ಹಾಡಿನಲ್ಲಿ ಎಲ್ಲರಿಗಿಂತ ಮೇಲೆ ಕೇಳುತ್ತಿದ್ದ ಗುಬ್ಬಿಯ ದನಿ ಈಚೆಗೆ ಇಳಿದುಬಿಟ್ಟಿತ್ತು. ಪಾಠದಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಸುಮ್ಮನಿರುತ್ತಿದ್ದಳು. ಊಟದ ಮುಂಚಿನ ಪ್ರಾರ್ಥನೆಯನ್ನು ತುಟಿಯಲ್ಲೇ ಮುಗಿಸುತ್ತಿದ್ದಳು. ಈ ಕಾರ್ಟೂನಿನಲ್ಲಿರುವ ಏನೋ ಒಂದು ಮಗುವಿನ ಒಳಗೆ ಸೇರಿಕೊಂಡಿದೆ. ಅದೊಂದು ವಿಷಯದಲ್ಲಿ ಮಾತ್ರ ಗಂಡ ಹೆಂಡತಿಗೆ ಒಮ್ಮತವಿತ್ತು.

"ಗುಬ್ಬೀ, ನಿಮ್ಮಪ್ಪನಿಗೆ ಹೇಳು, ಅಲ್ಲಿ ಕೊಂಬು ಕಾಣಿಸ್ತಿದೆ," ಎಂದಳು ಅಮ್ಮ.

"ಅಪ್ಪ, ಕೊಂಬಂತೆ. ಅಮ್ಮ, ಅದು ಆಡು."

"ಆಡು ಎರಡು ಕಾಲಲ್ಲಿ ನಡೆಯುತ್ತಾ? ಇಷ್ಟು ದಿನ ಮನೆಯಲ್ಲಿ ಇದು ಓಡ್ತಾ ಇತ್ತಲ್ಲ, ನಿಮ್ಮಮ್ಮನ ಕಣ್ಣಿಗೆ ಬೀಳಲೇ ಇಲ್ವಾ ಅಂತ ಕೇಳು."

"ಅಮ್ಮ, ನಿನ್ನ ಕಣ್ಣಿಗೆ ಬೀಳಲೇ ಇಲ್ವಾ ಅಂತೆ."

"ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಕಾಲು ಚಾಚೋಕೇ ಹೊತ್ತಿಲ್ಲ, ಆಡು ಎಣಿಸ್ತಾ ಕೂರ್ತೀನಾ ಅಂತ ಹೇಳು."

ಗುಬ್ಬಿ ಅದನ್ನೂ ಹೇಳಿದಳು. ಅಪ್ಪ ಅಲ್ಲೇ ಇದ್ದ, ಎಲ್ಲ ಕೇಳಿಸಿತ್ತು. ಆದರೂ ಅವಳು ಹೇಳಿ ಮುಗಿಸುವ ತನಕ ಕಾದ. ಕಳೆದ ಚಳಿಗಾಲದ ಜಗಳವೊಂದು ಮಾತಿನಲ್ಲಿ ಮುಗಿಯದೆ, ಮಾತು ಬಿಡುವುದರಲ್ಲಿ ಮುಗಿದಿತ್ತು. ಅಂದಿನಿಂದ ಮನೆಯಲ್ಲಿ ಹೀಗೆಯೇ. ಚರ್ಚಿನಲ್ಲಿ ಮಾತ್ರ ಇಬ್ಬರೂ ಒಂದೇ ಹಾಡಿನ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ನೋಡಿದವರಿಗೆ ಏನೂ ಅನ್ನಿಸುತ್ತಿರಲಿಲ್ಲ.

ಆಡು ಹೋಗಿ ನಿಜವಾದ ದೆವ್ವವೇ ಬಂತು. ಅಪ್ಪ ದಿಂಬು ಎತ್ತಿ ಅರ್ಧ ಎದ್ದ. ದೆವ್ವ ಕಾಡಿನ ನಡುವೆ ಒಂದು ಕಲ್ಲಿನ ಮೇಲೆ ಕೂತು ಹುಡುಗಿಯೊಬ್ಬಳಿಗೆ ದಾರಿ ತೋರಿಸಿತು, ಅಷ್ಟೆ. ಅಪ್ಪ ಮತ್ತೆ ಕೂತ. ಇದಕ್ಕೆ ಹೆದರಬೇಕೋ ಬೇಡವೋ ತಿಳಿಯದೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಅಷ್ಟರಲ್ಲಿ ಪರದೆಯ ಮೇಲೆ, ಹುಡುಗಿಯ ನೆನಪಿನಲ್ಲಿ, ಒಂದು ಮನೆ ಬಂತು. ಗುಬ್ಬಿಯ ಹೆಬ್ಬೆರಳು ರಿಮೋಟಿನ ಮೇಲೆ ಆಡಿತು. ಮನೆ ಸರ್ರನೆ ಮುಂದಕ್ಕೆ ಓಡಿಹೋಯಿತು.

"ಯಾಕೆ ಓಡಿಸಿದೆ?"

"ಅಲ್ಲೇನಿಲ್ಲ ಅಪ್ಪ."

"ಶುರುವಿನಲ್ಲೂ ಓಡಿಸಿದೆ. ನಾನು ನೋಡಿದೆ."

"ಬೋರು."

ಅಮ್ಮ ಸೆಟೆದು ಕೂತಳು. ಇಷ್ಟು ದಿನ ಹುಡುಕುತ್ತಿದ್ದದ್ದು ಅಲ್ಲೇ ಇದೆ. "ನಿಮ್ಮಪ್ಪನಿಗೆ ಹೇಳು, ಅದನ್ನೇ ನೋಡ್ಬೇಕು ಅಂತ."

"ಬೇಡ ಅಮ್ಮ. ದೆವ್ವ ಮತ್ತೆ ಬರುತ್ತೆ, ಅದನ್ನ ನೋಡಿ."

ದೆವ್ವವನ್ನು ಮುಂದೆ ತಳ್ಳಿ ಇವಳು ಬಚ್ಚಿಡುವಂಥದ್ದು ಏನಿರಬಹುದು? ಅಪ್ಪ ಕೈ ಚಾಚಿದ. ಗುಬ್ಬಿ ಸ್ವಲ್ಪ ಹೊತ್ತು ರಿಮೋಟನ್ನು ಎದೆಗೆ ಒತ್ತಿಕೊಂಡಿದ್ದು, ಆಮೇಲೆ ಕೊಟ್ಟಳು. ಅವನು ಹಿಂದಕ್ಕೆ ಓಡಿಸಿದ. ದಿಂಬು ಎರಡೂ ಕೈಯಲ್ಲಿ ಸಿದ್ಧವಾಯಿತು. ಅಮ್ಮ ಮುಂದೆ ಬಾಗಿದಳು.

ಅಡುಗೆಮನೆಯ ಮೇಜು. ಒಂದು ಬದಿಗೆ ತಂದೆ, ಎದುರು ಬದಿಗೆ ತಾಯಿ, ನಡುವೆ ಅದೇ ಹುಡುಗಿ. ತಾಯಿಯ ತುಟಿ ಅಲ್ಲಾಡಿತು. ಪರದೆಯ ಕೆಳಗೆ ಅಕ್ಷರ ಮೂಡಿತು: ಬಾಗಿಲು ಹಾಕಿದ್ರಾ ಅಂತ ಅಪ್ಪನನ್ನ ಕೇಳು. ಹುಡುಗಿ ಕೇಳಿದಳು. ಹಾಕಿದೆ ಅಂತ ಅಮ್ಮನಿಗೆ ಹೇಳು. ಹುಡುಗಿ ಹೇಳಿದಳು. ನಾಳೆ ಬೇಗ ಹೋಗ್ಬೇಕು ಅಂತ ಹೇಳು. ಸರಿ ಅಂತ ಹೇಳು. ಒಂದೊಂದು ಮಾತು ದಾಟಿಸಿದಾಗಲೂ ಹುಡುಗಿಯ ದನಿ ಒಂದಿಷ್ಟು ತೆಳ್ಳಗಾಗುತ್ತಿತ್ತು. ಕೊನೆಯ ಮಾತಿಗೆ ಬರೀ ಬಾಯಿ ಆಡಿತು. ಆಗ ಅವಳು ಎದ್ದು, ಹೋದ ದನಿಯನ್ನು ಹುಡುಕಿಕೊಂಡು, ಕಾಡಿನ ದೆವ್ವವಿದ್ದ ಕಡೆ ನಡೆದಳು. ಅವಳು ಎದ್ದದ್ದು ತಂದೆಗಾಗಲೀ ತಾಯಿಗಾಗಲೀ ಗೊತ್ತಾಗಲಿಲ್ಲ.

ಅಪ್ಪನ ಕೈಯಲ್ಲಿದ್ದ ದಿಂಬು ಮೇಲೇಳಲಿಲ್ಲ.

"ದೆವ್ವ ಕಂಡ್ರೆ ನಂಗೆ ಭಯ ಆಗಲ್ಲ," ಎಂದಳು ಗುಬ್ಬಿ, ಇಬ್ಬರಲ್ಲಿ ಯಾರನ್ನೂ ನೋಡದೆ. "ಇದೊಂದನ್ನ ಯಾವಾಗ್ಲೂ ಓಡಿಸ್ತೀನಿ."

ಅಪ್ಪನಿಗೆ ಏನೋ ಹೇಳಬೇಕೆನಿಸಿತು. ಯಾರಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಮಗಳಿಗೆ ಹೇಳುವ ಮಾತಾಗಿರಲಿಲ್ಲ ಅದು.

ಆಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಪಾಸ್ಟರ್.

"ಗುಬ್ಬೀ, ನಿಮ್ಮಪ್ಪನಿಗೆ ಹೇಳು, ಪಾಸ್ಟರು..." ಅಮ್ಮನ ಬಾಯಿಗೆ ರೂಢಿಯಂತೆ ಬಂದದ್ದು ಅರ್ಧಕ್ಕೇ ನಿಂತಿತು.

ಗುಬ್ಬಿಯೂ ರೂಢಿಯಂತೆ ಅಪ್ಪನ ಕಡೆ ತಿರುಗಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಮೂವರೂ ನೋಡುತ್ತಿದ್ದಂತೆ ಫೋನು ಬಡಿದುಕೊಳ್ಳುತ್ತಲೇ ಇತ್ತು.