ನೀರು ಬರೆದವನು

ಲುಡ್ಮಿಲಾ ಎರಡು ನದಿಗಳನ್ನು ಅಕ್ಕಪಕ್ಕದ ಪರದೆಗಳ ಮೇಲೆ ಹರಿಯಬಿಟ್ಟು ನೋಡುತ್ತ ಕೂತಿದ್ದಳು. ರೊಸಾರಿಯೊ ನಗರದ ಆ ಪುಟ್ಟ ಆಫೀಸಿನಲ್ಲಿ ಪರಾನಾ ನದಿಯ ದೋಣಿಯವನೊಬ್ಬನ ಮೇಲೆ ವಿಡಿಯೊ ಗೇಮ್ ತಯಾರಾಗುತ್ತಿತ್ತು. ಅದಕ್ಕೆ ನೀರು ಬೇಕಿತ್ತು. ನೀರು ಚಿತ್ರಿಸುವ ಕೋಡನ್ನು ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ತೆರೆದಿಟ್ಟ ಭಂಡಾರಗಳು ಬೇಕಾದಷ್ಟಿವೆ. ಸೋಸಿ ಸೋಸಿ ಕೊನೆಗೆ ಎರಡು ಉಳಿದಿದ್ದವು.

ಮೊದಲನೆಯದಕ್ಕೆ ಜಗತ್ತಿನ ಮೂಲೆಮೂಲೆಯ ಜನ ಕೈ ಸೇರಿಸಿದ್ದರು. ಅದರ ದೋಷ ತಿಳಿಸುವ ಪುಟದಲ್ಲಿ ಸಂತೆಯ ಗದ್ದಲ. ನೀರು ನೀಲಿ, ಫಳಫಳ. ಯಾವ ಫೋನಿನಲ್ಲಾದರೂ ಓಡುತ್ತಿತ್ತು. ಎರಡನೆಯದನ್ನು ಎಲಾದಿಯೊ ಎನ್ನುವವನೊಬ್ಬನೇ ವರ್ಷಗಳಿಂದ ಬರೆಯುತ್ತಿದ್ದ. ಅದರ ದೋಷಗಳ ಪುಟದಲ್ಲಿ ಅವನೇ ತಪ್ಪು ತೋರಿಸಿ, ಅವನೇ ತಿದ್ದಿ, ಕೆಳಗೆ ಅವನೇ 'ಧನ್ಯವಾದಗಳು' ಎಂದು ಬರೆದಿದ್ದ. ಆದರೆ ಅದರ ನೀರು ಕಂದು, ಮಣ್ಣು ಹೊತ್ತು ಭಾರವಾದದ್ದು. ದಡ ಮುಟ್ಟಿ ಸೋಮಾರಿಯಂತೆ ಹಿಂದಿರುಗುತ್ತಿತ್ತು. ಕಿಟಕಿಯಾಚೆ ಹರಿಯುತ್ತಿದ್ದ ನದಿಯೇ ಅದು. ಹೊಸ ಫೋನುಗಳಲ್ಲಿ ಮಾತ್ರ ಪರದೆ ಕಪ್ಪಾಗಿ ನಿಂತುಬಿಡುತ್ತಿತ್ತು.

"ಅದನ್ನ ನಾನು ಸರಿ ಮಾಡ್ತೀನಿ, ಸ್ವಲ್ಪ ಟೈಮ್ ಕೊಡು," ಎಂದಳು.

ಆಫೀಸಿನ ಯಜಮಾನ ಫಾಬ್ರಿಸಿಯೊ ತಲೆಯಾಡಿಸಿದ. "ಟೈಮ್ ಎಲ್ಲಿದೆ ಮಾರಾಯ್ತಿ? ಅಲ್ಲಿರೋದು ಒಂದೇ ತಲೆ. ನಾಳೆ ಆ ತಲೆಗೆ ನೋವು ಬಂದ್ರೆ ನಮ್ಮ ಗೇಮ್ ಮಲಗುತ್ತೆ."

"ಆದ್ರೆ ಅವನ ನೀರು ನಿಜವಾದ ನೀರು."

"ಆಡೋರು ಈಜೋಕೆ ಬರಲ್ಲ. ನೀಲೀದು ಹಾಕು."

ಕಳೆದ ತಿಂಗಳಿಡೀ ಲುಡ್ಮಿಲಾ ಎಲಾದಿಯೊಗೆ ಕೋಡಿನ ಬಗ್ಗೆ ಬರೆದು ಪ್ರಶ್ನೆ ಕೇಳುತ್ತಿದ್ದಳು. ಅವನ ಉತ್ತರಗಳು ಬೇಕಾದ್ದಕ್ಕಿಂತ ಉದ್ದವಾಗಿರುತ್ತಿದ್ದವು. ಊರ ಸುದ್ದಿ, ನಾಯಿಯ ಕಾಲುನೋವು ಎಲ್ಲವೂ ಇರುತ್ತಿತ್ತು. ಈಗ ಅವನಿಗೆ ಬೇಡ ಎನ್ನಬೇಕು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ, 'ಭಾನುವಾರ ಬರಬಹುದಾ?' ಎಂದಷ್ಟೇ ಕಳಿಸಿದಳು. ಅವನಿದ್ದದ್ದು ನದಿಯ ಸೇತುವೆಯಾಚೆಯ ವಿಕ್ಟೋರಿಯಾ ಊರಿನಲ್ಲಿ. ಈ ಸಲ ಉತ್ತರ ಚಿಕ್ಕದಾಗಿತ್ತು: ವಿಳಾಸ, ಮತ್ತು 'ಮಟೆಗೆ ನೀರು ಕಾಯಿಸಿಟ್ಟಿರುತ್ತೇನೆ.'

ಬಾಗಿಲು ತೆರೆದವನಿಗೆ ಐವತ್ತು ದಾಟಿತ್ತು. ಶಾಲೆಯೊಂದರ ಗಣಿತದ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ. ಗಲ್ಲದ ಮೇಲೆ ಆಗತಾನೇ ಕ್ಷೌರ ಮಾಡಿಕೊಳ್ಳುವಾಗ ಆದ ಗಾಯ. "ಕೂತ್ಕೊಳ್ಳಿ," ಎಂದ, "ಕುರ್ಚಿ ಪಕ್ಕದ ಮನೇದು, ಗಟ್ಟಿಯಾಗಿದೆ." ಅವಳು ತಂದಿದ್ದ ಸಿಹಿ ಬನ್ನುಗಳನ್ನು ತಟ್ಟೆಯಲ್ಲಿ ಎರಡೆರಡು ಸಲ ಜೋಡಿಸಿದ. ಮಟೆ ಎಂದರೆ ಆ ಕಡೆಯವರ ಚಹಾ; ಸೋರೆಬುರುಡೆಗೆ ಅದರ ಒಣಸೊಪ್ಪು ಹಾಕಿ ಬಿಸಿನೀರು ಹೊಯ್ದು ಕೊಟ್ಟ. ಹೇಳಬೇಕಾದ್ದನ್ನು ಬಿಟ್ಟು ಲುಡ್ಮಿಲಾ ಬೇರೆ ಮಾತೆತ್ತಿದಳು.

"ಈ ನೀರು ಇಟ್ಕೊಂಡು ನೀವ್ಯಾಕೆ ಗೇಮ್ ಮಾಡ್ಲಿಲ್ಲ?"

"ಮಾಡ್ಬೇಕಂತ್ಲೇ ಶುರು ಮಾಡಿದ್ದು. ಮೊದ್ಲು ನೀರು ಸರಿ ಬರ್ಲಿ, ದೋಣಿ ಆಮೇಲೆ ಬಿಡೋಣ ಅಂದ್ಕೊಂಡೆ." ಆತ ನಕ್ಕ. "ನೀರೇ ಮುಗೀಲಿಲ್ಲ."

ಇನ್ನು ತಡೆದರೆ ಆಗದು ಎನಿಸಿತು ಅವಳಿಗೆ. "ಎಲಾದಿಯೊ ಮೇಷ್ಟ್ರೇ, ನಾವು ಇನ್ನೊಂದನ್ನ ತಗೊಳ್ತಿದ್ದೀವಿ. ಹೊಸ ಫೋನಲ್ಲಿ ನಿಮ್ಮದು ಕಪ್ಪಾಗುತ್ತೆ, ಈ ವಾರ ಗೊತ್ತಾಯ್ತು. ಸರಿ ಮಾಡ್ತೀನಿ ಅಂದೆ, ನಮ್ಮ ಯಜಮಾನರು ಕೇಳ್ಲಿಲ್ಲ."

"ಕಪ್ಪಾಗುತ್ತಾ?" ಆತ ಕೈ ಚಾಚಿದ. ಅವಳು ತನ್ನ ಫೋನಿನಲ್ಲಿ ತೋರಿಸಿದಳು. ಆತ ಆ ಕಪ್ಪು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, ಓರೆ ಮಾಡಿ, ಬಹಳ ಹೊತ್ತು ನೋಡಿದ. "ನನ್ನ ಹತ್ರ ಹೊಸ ಫೋನಿಲ್ಲ. ಎಷ್ಟೋ ಜನ ಇಳಿಸ್ಕೊಂಡಿದ್ದಾರೆ, ಯಾರೂ ಹೇಳ್ಲಿಲ್ಲ ನೋಡಿ." ಫೋನು ಹಿಂತಿರುಗಿಸಿದ. "ನೀವು ಮಾಡಿದ್ದು ಸರಿ. ನಾನಾಗಿದ್ರೂ ಅದನ್ನೇ ತಗೊಳ್ತಿದ್ದೆ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಲುಡ್ಮಿಲಾ ಏಳಲೋ ಬೇಡವೋ ಎಂದು ತಿಳಿಯದೆ ಕುರ್ಚಿಯ ತುದಿಗೆ ಸರಿದಳು.

"ಇಷ್ಟು ಹೇಳೋಕೆ ಬಸ್ ಹತ್ತಿ ಬಂದ್ರಾ? ಒಂದು ಸಾಲು ಬರೆದು ಹಾಕಿದ್ರೆ ಆಗ್ತಿತ್ತಲ್ಲ."

"ಬರೆಯೋಕೆ ಆಗ್ಲಿಲ್ಲ."

ಆತ ಬುರುಡೆಗೆ ಮತ್ತೆ ನೀರು ತುಂಬಿದ. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು, ಒರೆಸಲಿಲ್ಲ.

"ಬಳಸ್ತೀವಿ ಅಂದವರು ಒಬ್ರೂ ಈ ಬಾಗಿಲಿಗೆ ಬರ್ಲಿಲ್ಲ," ಎಂದು ಬುರುಡೆಯನ್ನು ಅವಳತ್ತ ಚಾಚಿದ. "ಬೇಡ ಅನ್ನೋಕೆ ನೀವೊಬ್ರು ಬಂದ್ರಿ."