ಗಂಟಿನ ಮೇಲೆ ಹೆಬ್ಬೆರಳು

ಸೂಕ್ಷ್ಮದರ್ಶಕದ ಪರದೆಯ ಮೇಲಿದ್ದ ಕಪ್ಪು ಗಂಟುಗಳನ್ನು ಪ್ರೊಫೆಸರ್ ದೌಲತರಾಯರು ಹೆಬ್ಬೆರಳಿನಿಂದ ಮುಚ್ಚಿದರು. "ಈಗ ನೋಡು ನೂರೀನ, ಪುಡಿಯಾಗ ನಾವು ಬೆರೆಸಿದ ಕೋಬಾಲ್ಟ್ ಎಲ್ಲಾ ಕಡೆ ಸಮ ಹರಡ್ಯಾದ. ನಮ್ಮ ಸೆಮಿಕಂಡಕ್ಟರ್ ಪೂರಾ ಅಯಸ್ಕಾಂತ ಆಗ್ಯಾದ. ಹಂಗೇ ಬರಿ."

"ಹರಡಿಲ್ರಿ ಸರ್. ಕಡ್ಲಿಹಿಟ್ಟು ಸರಿ ಕಲಸದ ಝುಣಕದಂಗ ಗಂಟ ಕಟ್ಟೇದ. ಅಯಸ್ಕಾಂತ ಆಗಿರೋದು ಆ ಗಂಟಷ್ಟೇ. ಉಳಿದದ್ದು ಬರೇ ಪುಡಿ."

"ಯಾರಿಗೆ ಕಾಣಸ್ತದ ಬೇ? ನಿನ್ನ ಪಿಎಚ್‌ಡಿಗೆ ನನ್ನ ಸಹಿ ಬ್ಯಾಡೇನು?"

ಈ ಶೋಧಕ್ಕೆಂದೇ ನಾಳೆ ಅಫಜಲಪುರದಲ್ಲಿ ಅವರಿಗೆ ಶಾಲು ಹೊದಿಸುವವರಿದ್ದರು. ಇಂಥವನನ್ನು ಗುರುಗಳೆಂದು ನಂಬಿದ್ದೆನಲ್ಲ ಎಂದು ನೂರೀನಳಿಗೆ ಹೇಸಿಗೆಯಾಯಿತು. ಮೊಬೈಲ್ ಎತ್ತಿ, ಪರದೆಯನ್ನು ಅವರ ಬೆರಳಿನ ಸಮೇತ ಫೋಟೊ ಹೊಡೆದಳು. "ಪ್ರಬಂಧದಾಗ ಇದನ್ನೇ ಹಾಕ್ತೇನ್ರಿ ಸರ್. ಹೆಬ್ಬೆಟ್ಟು ಒತ್ತೀರಲ್ರಿ, ಇನ್ನ ಸಹಿ ಯಾಕ?"